ಗುರುಪುತ್ರಪ್ಪನವರ ಕಿವಿ

ಗುರುಪುತ್ರಪ್ಪನವರು ನಡೆದು ಬರುವುದನ್ನು ಮೊದಲ ಸಲ ಕಂಡವರು, ಪಾಪ, ಈ ಮನುಷ್ಯನಿಗೆ ಕುತ್ತಿಗೆ ಹಿಡಿದುಕೊಂಡಿದೆ ಎಂದು ಮರುಗುತ್ತಾರೆ. ತಲೆ ಎಡಗಡೆಗೆ ವಾಲಿರುತ್ತದೆ. ಬಲಗಿವಿ ಎಲ್ಲಕ್ಕಿಂತ ಮುಂದೆ. ಅದರ ಹಿಂದೆ ಗಲ್ಲ, ಗಲ್ಲದ ಹಿಂದೆ ಭುಜ, ಕಟ್ಟಕಡೆಗೆ ನಿಧಾನವಾಗಿ ಎರಡು ಕಾಲು. ಕುತ್ತಿಗೆಗೆ ಯಾವ ವ್ಯಾಧಿಯೂ ಇಲ್ಲ. ಬೆಳಗಾವಿಯ ಉದ್ಯಮಬಾಗದ ಒಂದೇ ಎರಕದ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಯಂತ್ರಗಳ ದುರಸ್ತಿ ನೋಡಿಕೊಂಡ ಆ ದೇಹ, ಕಣ್ಣಿಗಿಂತ ಕಿವಿಯನ್ನೇ ನಂಬಿ ಬಾಳಿದ್ದರಿಂದ, ಕಾಲಕ್ರಮದಲ್ಲಿ ಕಿವಿಯ ಅನುಕೂಲಕ್ಕೆ ತಕ್ಕಂತೆ ತನ್ನನ್ನು ತಾನೇ ತಿದ್ದಿಕೊಂಡಿದೆ, ಅಷ್ಟೆ.

ಮೈಮೇಲೆ ಕಾರ್ಖಾನೆಯ ನೀಲಿ ಕೋಟು. ಅದನ್ನು ಅವರು ಭಾನುವಾರವೂ ಬಿಡರು, ಮದುವೆಗೂ ಬಿಡರು. ಶಿವಬಸವ್ವನವರು ಹೆಂಡತಿಯ ಅಧಿಕಾರ ಚಲಾಯಿಸಿ ಒಗೆಯುವುದಕ್ಕೆಂದು ಕಿತ್ತುಕೊಂಡಾಗ ಮಾತ್ರ ಬನಿಯನ್ನಿನಲ್ಲಿ ಕಾಣಿಸಿಕೊಂಡು, ಏನನ್ನೋ ಕಳೆದುಕೊಂಡವರಂತೆ ಅಂಗಳದಲ್ಲಿ ಅಡ್ಡಾಡುತ್ತಾರೆ. ಕೋಟಿನ ಎಡ ಜೇಬಿನಲ್ಲಿ ಒಂದು ಮೊಳ ಉದ್ದದ, ಕಟ್ಟಿಗೆಯ ಹಿಡಿಕೆಯ ಸ್ಕ್ರೂಡ್ರೈವರು. ಅದರಿಂದ ಅವರು ಸ್ಕ್ರೂ ತಿರುಗಿಸಿದ್ದನ್ನು ನಾನಂತೂ ಕಂಡಿಲ್ಲ. ಓಡುತ್ತಿರುವ ಮೋಟಾರಿನ ಮೈಗೆ ಅದರ ತುದಿಯನ್ನು ಒತ್ತಿ, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿ, ಕಣ್ಣು ಮುಚ್ಚಿ ನಿಂತರೆಂದರೆ ಸುತ್ತಲಿನವರು ತಾವಾಗಿಯೇ ಮಾತು ನಿಲ್ಲಿಸುತ್ತಿದ್ದರು. ಒಂದು ನಿಮಿಷದ ಮೇಲೆ ಕಣ್ಣು ತೆರೆದು, ತಮ್ಮ ವಾಡಿಕೆಯ ಪೀಠಿಕೆಯೊಂದಿಗೆ ತೀರ್ಪು ಕೊಡುತ್ತಿದ್ದರು: "ಕೇಳ್ರಿಲ್ಲೆ. ಬಲಕ್ಕಿನ ಬೇರಿಂಗ್ ಇನ್ನ ಎಂಟ ದಿನ ಬಾಳತೈತಿ." ಒಂಬತ್ತನೆಯ ದಿನಕ್ಕೆ ಅದು ಬಾಳುತ್ತಿರಲಿಲ್ಲ.

ಅನಗೋಳದಲ್ಲಿ ಅವರ ಮನೆಯ ಹಿಂದಿನ ಸಾಲಿನಲ್ಲಿ ಹನ್ನೊಂದು ವರ್ಷದಿಂದ ಇರುವ ನನಗೆ, ಈ ಕಿವಿಯ ಪ್ರತಾಪ ಗೋಡೆಯಾಚೆಯಿಂದಲೇ ಅನುಭವಕ್ಕೆ ಬಂದಿದೆ. ನಮ್ಮ ಮನೆಯ ಮಿಕ್ಸರಿನ ಸಪ್ಪಳ ಕೇಳಿ, ಚಟ್ನಿಗೆ ನೀರು ಕಡಿಮೆಯಾಗಿದೆ ಎಂದು ಕೂಗಿ ಹೇಳಿದವರು ಅವರು. ಒಮ್ಮೆ ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗುತ್ತಿದ್ದಾಗ, ದೇಸೂರ ದಾಟುವ ಮೊದಲೇ ಎದ್ದು ಹೋಗಿ ಡ್ರೈವರನ ಬೆನ್ನು ತಟ್ಟಿ, "ಕೇಳ್ರಿಲ್ಲೆ, ಫ್ಯಾನ್ ಬೆಲ್ಟ್ ಹರಿಯಾಕ ಬಂದೈತಿ" ಎಂದರಂತೆ, ಆತ ನಕ್ಕನಂತೆ, ಮುಂದಿನ ಏರಿನಲ್ಲಿ ಬೆಲ್ಟು ಹರಿದು ಬಸ್ಸು ನಿಂತಾಗ, ಇಳಿದ ನಲವತ್ತು ಪ್ರಯಾಣಿಕರಲ್ಲಿ ಸಿಟ್ಟಾಗದೆ ಇದ್ದವರು ಇವರೊಬ್ಬರೇ. ಬೆಳಗಿನ ಲಿಂಗಪೂಜೆಗೆ ಕುಳಿತಾಗ ಮನೆಯ ಫ್ಯಾನು ಬಂದ್ ಆಗಿರಬೇಕೆಂಬುದು ಅವರ ಕಟ್ಟಪ್ಪಣೆ. ವೈರಾಗ್ಯವೆಂದು ನಾನು ಗೌರವದಿಂದ ಭಾವಿಸಿದ್ದೆ. ಶಿವಬಸವ್ವನವರು ಭ್ರಮೆ ಬಿಡಿಸಿದರು: "ಏನ ವೈರಾಗ್ಯರೀ! ಫ್ಯಾನ್ ತಿರುಗಿದ್ರ ಅವರ ಮನಸ್ಸು ಲಿಂಗದ ಮ್ಯಾಲ ನಿಲ್ಲಂಗಿಲ್ಲ, ಮ್ಯಾಲ ಹೋಗಿ ಫ್ಯಾನಿನ್ಯಾಗ ಕುಂದರತೈತಿ."

ಇಂಥ ಕಿವಿಯ ರಾಜ್ಯದೊಳಗೆ ಎರಡು ವರ್ಷದ ಹಿಂದೆ ಹೊಸದೊಂದರ ಪ್ರವೇಶವಾಯಿತು.

ಕಾರ್ಖಾನೆಯ ಒಡೆಯ ವಿಪುಲ ಎರಡನೆಯ ತಲೆಮಾರಿನವರು. ತಂದೆ ಪಾರೀಸ ಸಾಹುಕಾರರು ಗುರುಪುತ್ರಪ್ಪನವರನ್ನು ಕೆಲಸಕ್ಕೆ ಸೇರಿಸಿಕೊಂಡಾಗ ವಿಪುಲರಿನ್ನೂ ತೊಟ್ಟಿಲಲ್ಲಿದ್ದರು. ಅರವತ್ತು ತುಂಬಿದರೂ ಗುರುಪುತ್ರಪ್ಪನವರನ್ನು ಮನೆಗೆ ಕಳಿಸುವ ಯೋಚನೆ ವಿಪುಲರಿಗೆ ಬಂದಿರಲಿಲ್ಲ. ಆದರೆ ಅವರು ಎಂದಾದರೊಂದು ದಿನ ಹೋಗಲೇಬೇಕಲ್ಲ ಎಂಬ ಆತಂಕ ಬಂದಿತ್ತು. ಆ ಆತಂಕದಿಂದಲೇ ಅವರು ಸುಹಾಸಿನಿ ಎಂಬ ಎಂಜಿನಿಯರರನ್ನು ಕರೆಸಿದರು. ಕೋಟೆಯ ಹತ್ತಿರ ಹುಟ್ಟಿ ಬೆಳೆದ, ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಇನ್ನಿಬ್ಬರು ಗೆಳತಿಯರೊಂದಿಗೆ ಎರಡು ಕೋಣೆಯ ಒಂದು ಸಣ್ಣ ಸಂಸ್ಥೆ ನಡೆಸುತ್ತಿದ್ದಾರೆ. ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವ ಮನೆತನದವರಾದ್ದರಿಂದ ಸಂಜೆ ಐದೂವರೆಗೆ ಎಂಥ ಕೆಲಸವಿದ್ದರೂ ಪಕ್ಕಕ್ಕಿಟ್ಟು ಡಬ್ಬಿ ಬಿಚ್ಚುವುದು, ಡಬ್ಬಿ ಮುಚ್ಚಿದ ಕೂಡಲೇ ಮತ್ತೆ ಏಣಿ ಹತ್ತುವುದು ಆಕೆಯ ಪದ್ಧತಿ. ಚೀಲದ ತುಂಬ ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿಯ ಡಬ್ಬಿಗಳನ್ನು ತಂದು, ಅವುಗಳ ತಳದ ಅಯಸ್ಕಾಂತದಿಂದ ಒಂದೊಂದು ಮೋಟಾರಿಗೆ, ಒಂದೊಂದು ಪಂಪಿಗೆ ಟಕ್ ಎಂದು ಅಂಟಿಸತೊಡಗಿದರು.

ಗುರುಪುತ್ರಪ್ಪನವರು ಕೈಗಳನ್ನು ಕೋಟಿನ ಜೇಬಿಗಿಳಿಸಿ ದೂರದಿಂದ ನೋಡಿದರು. ಆಮೇಲೆ ಹತ್ತಿರ ಬಂದರು.

"ಇದೇನ್ರಿ ಮೇಡಂ, ಎಮ್ಮಿಗೆ ಉಣ್ಣಿ ಹತ್ತಿದಂಗ ಹತ್ತಿಸೀರಿ?"

ಸುಹಾಸಿನಿ ನಕ್ಕುಬಿಟ್ಟರು. "ಉಣ್ಣಿ ಅಂತನ ಅನ್ರಿ ಕಾಕಾ. ಆದ್ರ ಇದು ರಕ್ತ ಹೀರಂಗಿಲ್ಲ, ಸುದ್ದಿ ಹೀರತೈತಿ."

"ಹೀರಿ ಯಾರಿಗೆ ಹೇಳತೈತಿ?"

"ಬರ್ರಿ, ಕುಂದರ್ರಿ, ಹೇಳ್ತೀನಿ." ಬೋರಲಾಗಿ ಬಿದ್ದಿದ್ದ ಎರಡು ಅಚ್ಚಿನ ಪೆಟ್ಟಿಗೆಗಳ ಮೇಲೆ ಇಬ್ಬರೂ ಕುಳಿತರು. "ನಿಮ್ಮ ಮನ್ಯಾಗ ಫ್ರಿಜ್ ಐತಿ, ನೀರಿನ ಟಾಕಿ ಐತಿ, ಗ್ಯಾಸಿನ ಸಿಲಿಂಡರ್ ಐತಿ. ಅವಕ್ಕ ದಿನಾ ಏನರ ಆಗತಿರ್ತದ. ಕಾಯ್ತಾವ, ತಣ್ಣಗಾಗ್ತಾವ, ನಡಗ್ತಾವ, ಖಾಲಿ ಆಗ್ತಾವ. ಇಲ್ಲೀತನಾ ಅವು ಬಾಯಿ ಬಿಟ್ಟು ಹೇಳ್ತಿರಲಿಲ್ಲ, ನಾವ ಎದ್ದು ಹೋಗಿ ನೋಡ್ಬೇಕಿತ್ತು. ಈಗೇನು ಮಾಡೇವಿ? ಮುಟ್ಟಿದ್ದು ತಿಳಿಯೂ ಹಂಗ ಅವಕ್ಕೊಂದು ಚರ್ಮಾ ಕೊಟ್ಟೇವಿ, ಅದು ಸೆನ್ಸರ್. ಲೆಕ್ಕಾ ಮಾಡಾಕ ಕಾಳಿನಷ್ಟು ಮಿದುಳು ಕೊಟ್ಟೇವಿ, ಅದು ಚಿಪ್. ಸುದ್ದಿ ಕಳಸಾಕ ವೈಫೈ. ಆ ಕಡಿ ಸುದ್ದಿ ಓದಾಕ ನಿಮ್ಮ ಕೈಯಾನ ಫೋನು. ಬಲ್ಬಿಗೆ ಹಾಕಿದ್ರ ಬಲ್ಬು, ಬೀಗಕ್ಕ ಹಾಕಿದ್ರ ಬೀಗ, ಇಲ್ಲಿ ಪಂಪಿಗೆ ಹಾಕೇವಿ. ಇಂಟರ್ನೆಟ್ ಆಫ್ ಥಿಂಗ್ಸ್ ಅಂತ ದೊಡ್ಡ ಹೆಸರಿಟ್ಟಾರ. ಸಾಮಾನಗೋಳು ತಮ್ಮ ಆರಾಮ-ಬ್ಯಾರಾಮ ತಾವ ಹೇಳ್ಕೊಳ್ಳೂದು, ಅಷ್ಟ."

ಗುರುಪುತ್ರಪ್ಪನವರು ತಲೆಯನ್ನು ಇನ್ನಷ್ಟು ಎಡಕ್ಕೆ ವಾಲಿಸಿ ಕೇಳಿದರು: "ಕೇಳ್ರಿಲ್ಲೆ. ಅದಕ್ಕ ಕೇಳಸತೈತಿ, ಖರೇ. ತಿಳೀತೈತೇನು?"

"ಇಲ್ಲ ಕಾಕಾ. ಎಷ್ಟು ನಡಗಾಕತ್ತೈತಿ ಅಂತ ಹೇಳತೈತಿ. ಯಾಕ ನಡಗಾಕತ್ತೈತಿ ಅಂತ ಅದಕ್ಕ ಗೊತ್ತಿಲ್ಲ."

"ಹಂಗಾರ ಅದಕ್ಕ ಇನ್ನ ಮೂವತ್ತೆಂಟ ವರ್ಷ ಹೋಗ್ಬೇಕು" ಎಂದು ಅವರು ತೃಪ್ತಿಯಿಂದ ಎದ್ದರು.

ಮೊದಲ ಜಯ ಅವರದೇ ಆಯಿತು. ದಿನವೂ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲ ಉಣ್ಣಿಗಳೂ ಏಕಕಾಲಕ್ಕೆ ಗಾಬರಿಬಿದ್ದು ಸುಹಾಸಿನಿಯವರ ಫೋನಿಗೆ ಕೆಂಪು ಸಂದೇಶಗಳ ಮಳೆ ಸುರಿಸುತ್ತಿದ್ದವು. ಹತ್ತೂವರೆಗೆ ತಾವೇ ಶಾಂತವಾಗುತ್ತಿದ್ದವು. ಆಕೆ ನಾಲ್ಕು ದಿನ ತಂತಿ ಬಿಚ್ಚಿ ತಂತಿ ಕಟ್ಟಿದರು, ಪ್ರೋಗ್ರಾಮು ತಿದ್ದಿದರು, ತಲೆ ಕೆರೆದುಕೊಂಡರು. ಐದನೆಯ ದಿನ ಗುರುಪುತ್ರಪ್ಪನವರು ಚಹಾದ ಕಪ್ಪಿನಲ್ಲಿ ಏಳುತ್ತಿದ್ದ ಸಣ್ಣ ಅಲೆಗಳನ್ನು ತೋರಿಸಿ, "ಬಾಜು ಶೆಡ್ಡಿನ್ಯಾಗ ದೊಡ್ಡ ಹ್ಯಾಮರ್ ಬಡ್ಯಾಕತ್ತಾರ. ನಿಮ್ಮ ಉಣ್ಣಿ ಪರರ ಮನಿ ಜಗಳಾ ತಮ್ಮ ಮನ್ಯಾಗ ಅಂತ ತಿಳ್ಕೊಂಡಾವು" ಎಂದರು. ಆಕೆ ಕೈಮುಗಿದರು. ಅಂದಿನಿಂದ ಇಡೀ ಕಾರ್ಖಾನೆಯಲ್ಲಿ ಸೆನ್ಸರ್ ಎಂಬ ಪದ ಸತ್ತು ಉಣ್ಣಿ ಎಂಬ ಪದ ಸ್ಥಾಪಿತವಾಯಿತು. ವಿಪುಲರ ಕಚೇರಿಯ ಗೋಡೆಯ ಮೇಲಿನ ನಕ್ಷೆಯಲ್ಲೂ ಈಗ ಉಣ್ಣಿ ಒಂದು, ಉಣ್ಣಿ ಎರಡು ಎಂದೇ ಇದೆ. ಗುರುಪುತ್ರಪ್ಪನವರ ನಡಿಗೆ ಆ ವಾರ ಸ್ವಲ್ಪ ಚುರುಕಾಗಿತ್ತೆಂದು ಕಂಡವರು ಹೇಳುತ್ತಾರೆ.

ಮೂರನೆಯ ವಾರದ ಗುರುವಾರ ಬೆಳಿಗ್ಗೆ ಏಳನೆಯ ಉಣ್ಣಿಯಿಂದ ಸಂದೇಶ ಬಂತು. ಅದು ಇದ್ದುದು ಕುಲುಮೆಯ ನೀರಿನ ಪಂಪಿನ ಮೇಲೆ. ಆ ಕಾರ್ಖಾನೆಯ ಕುಲುಮೆ ವಿದ್ಯುತ್ತಿನದು. ಕಬ್ಬಿಣ ಕರಗುವ ಮಡಿಕೆಯ ಸುತ್ತ ತಾಮ್ರದ ಕೊಳವೆಯ ಸುರುಳಿ, ಆ ಕೊಳವೆಯೊಳಗೆ ಸದಾ ಹರಿಯುವ ತಣ್ಣೀರು. ನೀರು ನಿಂತರೆ ಕೊಳವೆ ಸುಟ್ಟು ತೂತಾಗುತ್ತದೆ. ಆ ನೀರಿಗೂ ಕರಗಿದ ಲೋಹಕ್ಕೂ ಭೇಟಿಯಾದರೆ ಕುಲುಮೆಯೇ ಸಿಡಿಯುತ್ತದೆ; ಮುಂದಿನದನ್ನು ಎರಕದವರು ಬಾಯಿಬಿಟ್ಟು ಹೇಳುವುದಿಲ್ಲ. ಬದಲಿ ಪಂಪನ್ನು ಆ ವಾರವೇ ದುರಸ್ತಿಗೆಂದು ಬಿಚ್ಚಿಟ್ಟಿದ್ದರು. ಮಧ್ಯಾಹ್ನ ಮೂರಕ್ಕೆ ದಿನದ ದೊಡ್ಡ ಎರಕ. ಕುಲುಮೆಯ ಕಟ್ಟೆಯ ಮೇಲೆ ನಿಲ್ಲುವವನು ಕಲ್ಮೇಶ, ಹದಿನೈದು ವರ್ಷದಿಂದ ಅದೇ ಕೆಲಸದಲ್ಲಿದ್ದ ಕೈಪಳಗಿದ ಕೆಲಸಗಾರ.

ಗುರುಪುತ್ರಪ್ಪನವರು ಸ್ಕ್ರೂಡ್ರೈವರು ತೆಗೆದರು. ಮುಂದಿನ ಬೇರಿಂಗಿಗೆ ಒಮ್ಮೆ, ಹಿಂದಿನದಕ್ಕೆ ಒಮ್ಮೆ, ಮತ್ತೆ ಮುಂದಿನದಕ್ಕೆ ಒಮ್ಮೆ ಆನಿಸಿ ಕೇಳಿದರು.

"ಏನೂ ಆಗಿಲ್ಲ. ಹಸುಗೂಸು ಮಲಗಿದಂಗ ಐತಿ."

ಸುಹಾಸಿನಿ ಫೋನಿನ ಪರದೆಯನ್ನು ಮುಂದೆ ಹಿಡಿದರು. ಎಡದಿಂದ ಬಲಕ್ಕೆ ಒಂದು ಗೆರೆ. ಬಹುದೂರ ಸಪಾಟಾಗಿ ಹೋಗಿ ಕೊನೆಯಲ್ಲಿ ಒಮ್ಮೆಲೇ ಮುಳ್ಳುಗಳಂತೆ ಎದ್ದಿತ್ತು. "ಕಾಕಾ, ಈ ಕಡಿ ದಪ್ಪ ದನಿ, ಆ ಕಡಿ ಸಿಳ್ಳಿನಂಥಾ ಸಣ್ಣ ದನಿ. ದಪ್ಪ ದನಿ ಎಲ್ಲಾ ಶಾಂತ ಐತಿ. ಆ ತುದಿಗೆ ಯಾರೋ ಚೀರಾಕತ್ತಾರ."

"ಚೀರಿದ್ರ ನನಗ ಕೇಳಬೇಕಲ್ಲ ಮೇಡಂ?"

ಇಬ್ಬರೂ ವಿಪುಲರ ಕಡೆ ನೋಡಿದರು. ವಿಪುಲರು ಒಮ್ಮೆ ಪರದೆಯನ್ನು, ಒಮ್ಮೆ ಆ ವಾಲಿದ ತಲೆಯನ್ನು ನೋಡಿ, ತಂದೆಯ ಕಾಲದಿಂದ ಬಂದ ನಂಬಿಕೆಯನ್ನೇ ಆರಿಸಿಕೊಂಡರು. "ಕಾಕಾ ಹೇಳಿದ ಮ್ಯಾಲ ಮುಗೀತು. ಮೂರಕ್ಕ ಎರಕ ನಡೀಲಿ."

ಒಂದು ಗಂಟೆಗೆ ಗುರುಪುತ್ರಪ್ಪನವರು ಎಂದಿನಂತೆ ಊಟಕ್ಕೆ ಮನೆಗೆ ಬಂದರು. ಆಮೇಲೆ ನಡೆದದ್ದನ್ನು ಶಿವಬಸವ್ವನವರು ನಮ್ಮ ಮನೆಯವರಿಗೆ ಎಷ್ಟು ಸಲ ಹೇಳಿದ್ದಾರೆಂದರೆ, ಆ ಅಡುಗೆಮನೆಯಲ್ಲಿ ನಾನೂ ಇದ್ದೆನೇನೋ ಎನಿಸುತ್ತದೆ. ರೊಟ್ಟಿ ಬಡಿಸುತ್ತಿದ್ದ ಅವರು ತಟ್ಟನೆ ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ಒತ್ತಿ ಬಂದರು.

"ಯಾಕ ಎದ್ದಿ?"

"ಫ್ರಿಜ್ ಒದರಾಕತ್ತಿತ್ತಲ್ರಿ. ಬಾಗಲಾ ಸರಿ ಬಿದ್ದಿರಲಿಲ್ಲ."

"ಒದರಾಕತ್ತಿತ್ತು?"

"ಕೀಂ ಕೀಂ ಅಂತ ಒದರೂದಿಲ್ಲೇನು? ತಂದು ಎರಡ ವರ್ಷಾತು, ಅದು ಒದರಿದಾಗ ನೀವು ಒಂದ ದಿನಾ ಎದ್ದು ಹೋಗಿಲ್ಲ. ಕಿವಿ ಇದ್ದೂ ಕೇಳಸಲಾರದಂಗ ಕುಂದರ್ತಾರ, ಆಳಸಿತನಾ ಅಂತ ತಿಳ್ಕೊಂಡಿದ್ದೆ ನಾ."

ಗುರುಪುತ್ರಪ್ಪನವರು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಮರಳಿ ಇಟ್ಟರು. ಎದ್ದು ಹೋಗಿ ಫ್ರಿಜ್ಜಿನ ಬಾಗಿಲನ್ನು ಅಂಗೈ ಅಗಲ ತೆರೆದು, ಬಲಗಿವಿಯನ್ನು ಅದಕ್ಕೆ ಹತ್ತಿಸಿ ನಿಂತರು. ಕೆಳಗಿನ ಕಂಪ್ರೆಸರಿನ ಗುಂಯ್ಗುಡುವಿಕೆ ಅವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅದರ ರಬ್ಬರು ಬುಶ್ ಒಂದು ಸವೆದಿರುವುದೂ ಕೇಳುತ್ತಿತ್ತು. ಅದರ ಮೇಲೆ ಬೇರೆ ದನಿ ಏನೂ ಇರಲಿಲ್ಲ. ಅವರು ಹೆಂಡತಿಯ ಮುಖ ನೋಡುತ್ತ ಕೇಳಿದರು:

"ಈಗ?"

"ಇನ್ನೂ ಇಲ್ಲ."

ಸ್ವಲ್ಪ ಹೊತ್ತಾಯಿತು. "ಈಗ?"

"ಈಗ ಒದರಾಕತ್ತೈತಲ್ರಿ. ಕೇಳಸವಲ್ದೇನು?"

ಅವರು ಬಾಗಿಲು ಮುಚ್ಚಿದರು. ಮತ್ತೆ ತೆರೆದರು. ಶಿವಬಸವ್ವನವರು ತಲೆಯಾಡಿಸಿದಾಗಲೆಲ್ಲ ಅಲ್ಲೊಂದು ಧ್ವನಿ ಇತ್ತು, ಅವರ ಪಾಲಿಗೆ ಇರಲಿಲ್ಲ. ಮೂವತ್ತೆಂಟು ವರ್ಷ ಎರಕದ ಗದ್ದಲದಲ್ಲಿ ಕೆಲಸ ಮಾಡಿದ ಕಿವಿಯಿಂದ ಸಣ್ಣ ದನಿಗಳು ಒಂದೊಂದಾಗಿ, ಹೇಳದೆ ಕೇಳದೆ ಹೊರಟುಹೋಗಿದ್ದವು. ದಪ್ಪ ದನಿಗಳು ಉಳಿದದ್ದರಿಂದ ಹೋದವುಗಳ ಸುಳಿವೇ ಸಿಕ್ಕಿರಲಿಲ್ಲ. ಆ ಕ್ಷಣದಲ್ಲಿ ಅವರಿಗೆ ಏನನಿಸಿತೆಂದು ಒಮ್ಮೆ ಕೇಳಿದ್ದೆ. "ಏನ ಅನಸೂದ್ರಿ. ಗಡಿಯಾರ ನೋಡ್ದೆ, ಎರಡಕ್ಕ ಹತ್ತ ಕಮ್ಮಿ ಇತ್ತು" ಎಂದರು.

ಕೈ ತೊಳೆದದ್ದೂ ಅವರಿಗೆ ನೆನಪಿಲ್ಲ. ಹಳೆಯ ಮೋಪೆಡ್ಡನ್ನು ಅದರ ಶಕ್ತಿ ಮೀರಿ ಓಡಿಸಿಕೊಂಡು ಕಾರ್ಖಾನೆಗೆ ಬಂದಾಗ, ಕಬ್ಬಿಣದ ಚೂರು ತುಂಬಿ ಆಗಿತ್ತು. ಕಲ್ಮೇಶ ಕಟ್ಟೆಯ ಮೇಲೆ ನಿಂತು ಕರೆಂಟು ಕೊಡಲು ಕೈ ಎತ್ತಿದ್ದ.

"ಕಲ್ಮೇಶಾ! ಕೈ ತೆಗಿ! ಇಳಿ ಕೆಳಗ!"

ಆ ಮನುಷ್ಯ ಕೂಗಿದ್ದನ್ನು ಕಾರ್ಖಾನೆಯಲ್ಲಿ ಯಾರೂ ಎಂದೂ ಕೇಳಿರಲಿಲ್ಲ. ಕಲ್ಮೇಶ ಇಳಿದ. ಯಾರ ಪ್ರಶ್ನೆಗೂ ಉತ್ತರ ಕೊಡದೆ ಗುರುಪುತ್ರಪ್ಪನವರು ಪಂಪಿನ ಮುಂದೆ ಮಂಡಿಯೂರಿ, ಸ್ಪ್ಯಾನರು ಹಿಡಿದು, ತಾವೇ ಒಂದೊಂದು ಬೋಲ್ಟನ್ನೂ ಬಿಚ್ಚಿದರು. ಮುಕ್ಕಾಲು ಗಂಟೆಯ ಮೇಲೆ ಬೇರಿಂಗು ಅಂಗೈಗೆ ಬಂತು. ಒಳಬಳೆಯ ಮೈತುಂಬ ಸಿಡುಬಿನ ಕಲೆಗಳಂಥ ಸಣ್ಣ ಗುಳಿಗಳು. ಗುಂಡುಗಳನ್ನು ಹಿಡಿದಿಡುವ ಹಿತ್ತಾಳೆಯ ಪಂಜರದಲ್ಲಿ ಒಂದು ಕೂದಲೆಳೆಯ ಬಿರುಕು. ಅದು ಆ ದಿನದ ಎರಕ ಮುಗಿಯುವವರೆಗೆ ತಾಳುತ್ತಿತ್ತೋ ಇಲ್ಲವೋ, ತಿಳಿದವರು ಯಾರೂ ಇಲ್ಲ. ತಿಳಿಯುವ ಪ್ರಸಂಗ ಬರಲಿಲ್ಲ.

ಸುತ್ತ ಇಪ್ಪತ್ತು ಜನ ಸೇರಿದ್ದರು. ಇಪ್ಪತ್ತು ಜನರ ನಡುವೆ ಒಂದು ಬೇರಿಂಗನ್ನು ಮುಚ್ಚಿಡುವುದು ಕಷ್ಟವೇನಲ್ಲ; 'ಯಾಕೋ ಸಂಶಯ ಬಂತು, ಮರಳಿ ಬಂದೆ' ಎಂದಿದ್ದರೆ ಕೀರ್ತಿ ಇಮ್ಮಡಿಯಾಗುತ್ತಿತ್ತು. ಗುರುಪುತ್ರಪ್ಪನವರು ಬೇರಿಂಗನ್ನು ವಿಪುಲರ ಕೈಯಲ್ಲಿಟ್ಟರು.

"ಸಾವ್ಕಾರ್ರ, ಕೇಳ್ರಿಲ್ಲೆ. ನನ್ನ ಕಿವಿ ಹೋಗೈತಿ. ನೀವು ಅದನ್ನ ನಂಬಿ ಕಲ್ಮೇಶನ್ನ ಮ್ಯಾಲ ನಿಂದ್ರಿಸಿದ್ರಿ. ಉಣ್ಣಿ ಖರೇ ಹೇಳಿತ್ತು."

ಆಮೇಲೆ ಸುಹಾಸಿನಿಯವರ ಕಡೆ ತಿರುಗಿ, "ತಂಗೀ, ನಿಂದು ಬರೋಬರ್ ಇತ್ತು" ಎಂದರು. ಮೇಡಂ ಎಂಬುದು ಅಲ್ಲಿಗೆ ಕೊನೆಯಾಯಿತು. ಆಕೆ ಕಲ್ಮೇಶನ ಕೈಯಿಂದ ಚಹಾದ ಕಪ್ಪು ತೆಗೆದುಕೊಂಡು ಅವರಿಗೆ ಕೊಟ್ಟರು.

ಎರಡು ದಿನ ಗುರುಪುತ್ರಪ್ಪನವರು ಕೆಲಸಕ್ಕೆ ಹೋಗಲಿಲ್ಲ. ಕೋಟು ಗೂಟದ ಮೇಲೆ ತೂಗುತ್ತಿತ್ತು. ಅವರು ಅಂಗಳದ ಕಲ್ಲಿನ ಮೇಲೆ ಕುಳಿತಿದ್ದರು. ನಮ್ಮ ಮಿಕ್ಸರಿನ ಬಗ್ಗೆ ಯಾವ ಅಭಿಪ್ರಾಯವೂ ಗೋಡೆ ದಾಟಿ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಸುಹಾಸಿನಿಯ ಸ್ಕೂಟರು ಅವರ ಬಾಗಿಲಿಗೆ ಬಂದು ನಿಂತಿತು. ಸಾಂತ್ವನದ ಮಾತಾಡಿದ್ದರೆ ಅವರು ಎದ್ದು ಒಳಗೆ ಹೋಗುತ್ತಿದ್ದರೇನೋ. ಆಕೆ ತಂದದ್ದು ಒಂದು ತಕರಾರು.

"ಕಾಕಾ, ಉಸುಕು ಕಲಸೂ ಮಶೀನಿನ ಗೆರಿ ಹಿಂಗ ಬರಾಕತ್ತೈತಿ. ನನಗ ಒಂದೂ ತಿಳೀವಲ್ದು. ಮೂರ ಸಲ ಸಣ್ಣದು, ಒಮ್ಮೆ ದೊಡ್ಡದು. ಮತ್ತ ಮೂರ ಸಣ್ಣದು, ಒಮ್ಮೆ ದೊಡ್ಡದು."

ಗುರುಪುತ್ರಪ್ಪನವರು ಪರದೆಯನ್ನು ನೋಡಿದರು. ತುಟಿಯಲ್ಲೇ ಆ ಲಯವನ್ನು ಹೇಳಿಕೊಂಡರು. ಹೇಳಿಕೊಳ್ಳುತ್ತಿದ್ದಂತೆ ಅವರ ಬಲಗೈ ಗಾಳಿಯಲ್ಲಿ ತಿರುಗತೊಡಗಿತು. "ಒಳಗ ನಾಲ್ಕ ಅಲಗು ಅದಾವ. ನಾಲ್ಕನೇದು ಸಡಿಲ ಆಗೈತಿ, ಅದು ಬಂದಾಗೊಮ್ಮೆ ಗ್ವಾಡಿಗೆ ಬಡೀತೈತಿ." ಸ್ವಲ್ಪ ತಡೆದು, ತಮ್ಮಷ್ಟಕ್ಕೆ ಎಂಬಂತೆ ಅಂದರು: "ಅಲಾ, ಇದನ್ನ ಕಣ್ಣಿಂದನೂ ಕೇಳಬಹುದಲ್ಲ!"

ಅರ್ಧ ಗಂಟೆಯ ನಂತರ ಗೂಟದ ಮೇಲೆ ಕೋಟು ಇರಲಿಲ್ಲ.

ಮುಂದಿನ ಮೂರು ತಿಂಗಳು ಅವರು ಅರವತ್ತಮೂರನೆಯ ವಯಸ್ಸಿನಲ್ಲಿ ಹೊಸ ಲಿಪಿಯೊಂದನ್ನು ಕಲಿತರು. ಗೆರೆಗಳ ಆಕಾರಕ್ಕೆಲ್ಲ ಅವರದೇ ಹೆಸರು: ಹಲ್ಲಿಬಾಲ ಅಂದರೆ ಬೆಲ್ಟು ಸಡಿಲ, ಕುಂಟೆಮ್ಮೆ ಅಂದರೆ ಚಕ್ರದ ತೂಕ ಒಂದು ಕಡೆಗೆ ಹೆಚ್ಚು, ಜೀರಂಗಿ ಅಂದರೆ ತಾವು ಕೇಳಲಾರದ, ಬೇರಿಂಗಿನ ಆ ಸಣ್ಣ ಚೀರು. ಸುಹಾಸಿನಿ ಈ ಹೆಸರುಗಳನ್ನೇ ಕಂಪ್ಯೂಟರಿಗೂ ಕಲಿಸಿದರು. ಈಗ ಆ ಕಾರ್ಖಾನೆಯ ಯಂತ್ರವೊಂದಕ್ಕೆ ಬೇನೆಯಾದರೆ, ಕೆಲಸಗಾರರ ಫೋನಿಗೆ "ಪಂಪ್ ಎರಡು: ಜೀರಂಗಿ" ಎಂಬ ಅಚ್ಚಗನ್ನಡ ಸಂದೇಶ ಬರುತ್ತದೆ, ಅದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕಿವಿಗೆ ಯಂತ್ರ ಹಾಕಿಸಿದ್ದು ಶಿವಬಸವ್ವನವರ ಹಟ. ಕಡಲೆಕಾಳಿನಷ್ಟು ಸಣ್ಣದು, ಅದೂ ಫೋನಿಗೆ ಜೋಡಣೆಯಾಗುವಂಥದು, ದನಿಯನ್ನು ಫೋನಿನಿಂದಲೇ ಏರಿಸಬಹುದು, ಇಳಿಸಬಹುದು. ಹಾಕಿಕೊಂಡು ಬಂದ ದಿನ ಅವರು ಮನೆಯೊಳಗೆ ಕೋಣೆಯಿಂದ ಕೋಣೆಗೆ ಅಲೆದರಂತೆ. ಸಾಸಿವೆ ಸಿಡಿಯುವುದು, ಕ್ಯಾಲೆಂಡರಿನ ಹಾಳೆ ಗೋಡೆಗೆ ಉಜ್ಜುವುದು, ಹೆಂಡತಿಯ ಬಳೆ; ಯಾವುದನ್ನು ಎಷ್ಟು ವರ್ಷದಿಂದ ಕೇಳಿಲ್ಲವೆಂಬುದೇ ಅವರಿಗೆ ನೆನಪಿರಲಿಲ್ಲ. ಸಂಜೆ ನನ್ನನ್ನು ಕಂಡವರೇ ಗೋಡೆಯ ಮೇಲೆ ಬಾಗಿ ನಕ್ಕರು: "ಕೇಳ್ರಿಲ್ಲೆ, ನನಗೂ ಒಂದ ಉಣ್ಣಿ ಹತ್ತೈತಿ!" ಆದರೆ ಈ ಆವಿಷ್ಕಾರದ ನಿಜವಾದ ಫಲಾನುಭವಿ ಬೇರೆಯವರು. ಊಟಕ್ಕೆ ಕರೆದರೂ ಬಾರದ ಗಂಡನನ್ನು ಎಬ್ಬಿಸಲು ಶಿವಬಸವ್ವನವರು ಈಗ ದನಿ ಎತ್ತುವುದಿಲ್ಲ. ಅಡುಗೆಮನೆಯಲ್ಲಿ ಚಾರ್ಜಿಗಿಟ್ಟ ಗಂಡನ ಫೋನನ್ನು ತೆಗೆದುಕೊಂಡು ಕಿವಿಯ ದನಿಯನ್ನು ತುತ್ತತುದಿಗೆ ಏರಿಸಿ, ತಾಟಿನ ಮೇಲೆ ಚಮಚದಿಂದ ಮೆಲ್ಲಗೆ ಒಮ್ಮೆ ಬಡಿಯುತ್ತಾರೆ. ಗುರುಪುತ್ರಪ್ಪನವರು ಅಂಗಳದಿಂದ ಓಡಿ ಬರುತ್ತಾರೆ.

ಹೋದ ಚಳಿಗಾಲದಲ್ಲಿ ಅವರ ಜೊತೆ ಖಾನಾಪುರದ ಕಡೆಗೆ ಹೋಗುವ ಯೋಗ ನನಗೆ ಬಂತು. ಶಿವಬಸವ್ವನವರ ಅಕ್ಕ ಅಕ್ಕವ್ವನವರ ಹೊಲ ಮಲಪ್ರಭೆಯ ದಂಡೆಗೆ ಒಂದು ಮೈಲಿ ದೂರದ ಹಳ್ಳಿಯಲ್ಲಿದೆ. ಎಪ್ಪತ್ತರ ಆ ಹೆಣ್ಣುಮಗಳು ಕರೆಂಟು ಬಂದಾಗಲೆಲ್ಲ ಹೊಳೆಗೆ ನಡೆದು ಮೋಟಾರಿನ ಗುಂಡಿ ಒತ್ತಿ, ಮತ್ತೆ ಹೊಲಕ್ಕೆ ನಡೆದು ಬರುತ್ತಿದ್ದರು. ಅದರ ಹಿಂದಿನ ಮಳೆಗಾಲದಲ್ಲಿ ದಂಡೆಯ ಕೆಸರಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಫೋನಿನಿಂದ ಮೋಟಾರು ಚಾಲೂ ಮಾಡುವ ಪೆಟ್ಟಿಗೆ ಸುತ್ತಲಿನ ಊರುಗಳಲ್ಲಿ ಎಷ್ಟೋ ಹೊಲಗಳಿಗೆ ಬಂದಿದೆ. ಅಕ್ಕವ್ವನವರು ಮಾತ್ರ ಒಪ್ಪಿರಲಿಲ್ಲ. ಪೆಟ್ಟಿಗೆ ಹಿಡಿದು ಬಂದ ತಂಗಿಯ ಗಂಡನನ್ನು ಅವರು ಕಟ್ಟೆಯ ಮೇಲೆ ಕೂರಿಸಿ ವಿಚಾರಣೆ ನಡೆಸಿದರು.

"ಗುಂಡಿ ಒತ್ತೂದು ಫೋನು ಮಾಡತೈತಿ, ಖರೇ. ನೀರು ಬಂತೋ ಇಲ್ಲೋ ಯಾರು ನೋಡ್ತಾರು? ಮೋಟರ್ ಒಣಾ ತಿರಗಿ ಸುಟ್ಟರ? ಪೈಪು ಕಿತ್ತು ನೀರೆಲ್ಲಾ ಹೊಳಿಗೇ ಹೋದ್ರ?"

ಬೇರೆ ಯಾರಾದರೂ ಆಗಿದ್ದರೆ, ಅಜ್ಜಿಗೆ ತಿಳಿಯುವುದಿಲ್ಲವೆಂದು ಸಮಾಧಾನ ಹೇಳುತ್ತಿದ್ದರು. ಗುರುಪುತ್ರಪ್ಪನವರ ಮುಖ ಅರಳಿತು. "ಅಕ್ಕಾರ, ಈ ಮಾತು ನಮ್ಮ ಕಾರ್ಖಾನ್ಯಾಗ ಯಾರೂ ಇಷ್ಟು ಚಂದಂಗ ಕೇಳಿಲ್ಲ" ಎಂದವರೇ ಪೆಟ್ಟಿಗೆಯನ್ನು ಚೀಲಕ್ಕೆ ಮರಳಿ ಹಾಕಿ ಬೆಳಗಾವಿಗೆ ಹೊರಟರು. ಎಂಟು ದಿನದ ಮೇಲೆ ಮತ್ತೆ ಪ್ಯಾಸೆಂಜರ್ ರೈಲು ಹತ್ತಿದೆವು. ಈ ಸಲ ಚೀಲದಲ್ಲಿ ಸುಹಾಸಿನಿಯವರು ಮಾಡಿಕೊಟ್ಟ ಇನ್ನೊಂದು ಉಣ್ಣಿ ಇತ್ತು. ಹೊಲದ ಕಡೆಯ ಪೈಪಿನ ಬಾಯಲ್ಲಿ ಅದನ್ನು ಕೂರಿಸಿದರೆ, ನೀರು ಹರಿದಾಗ ಮಾತ್ರ ಫೋನಿಗೆ ಸುದ್ದಿ ಕೊಡುತ್ತದೆ. ಐದು ನಿಮಿಷ ನೀರು ಬಾರದಿದ್ದರೆ ಮೋಟಾರನ್ನು ತಾನೇ ನಿಲ್ಲಿಸುತ್ತದೆ.

ಅಕ್ಕವ್ವನವರು ಪರೀಕ್ಷೆಯನ್ನು ತಮ್ಮದೇ ರೀತಿಯಲ್ಲಿ ನಡೆಸಿದರು. ಗುರುಪುತ್ರಪ್ಪನವರನ್ನು ಫೋನಿನೊಂದಿಗೆ ಮನೆಯ ಕಟ್ಟೆಯ ಮೇಲೆ ಕೂರಿಸಿ, ಅವರು ಹೊಳೆಯ ಕಡೆ ಹೆಜ್ಜೆ ಇಡಕೂಡದೆಂದು ನನ್ನನ್ನು ಕಾವಲಿಟ್ಟು, ತಾವು ಹೊಲಕ್ಕೆ ಹೋಗಿ, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಬರಿಗಾಲಲ್ಲಿ ಒಣಗಿದ ಕಾಲುವೆಯೊಳಗೆ ನಿಂತರು. ಸುದ್ದಿ ತಿಳಿದ ನೆರೆಹೊರೆಯ ನಾಲ್ಕಾರು ಹೆಂಗಸರು ಬದುವಿನ ಮೇಲೆ ಸಾಲಾಗಿ ಕುಳಿತರು. ಗುರುಪುತ್ರಪ್ಪನವರು ಗುಂಡಿ ಒತ್ತಿದರು. ಒಂದು ನಿಮಿಷ. ಎರಡು. ಫೋನು ಸುಮ್ಮನಿತ್ತು. ಆ ಮನುಷ್ಯನ ಹಣೆಯಲ್ಲಿ, ಆ ಚಳಿಯಲ್ಲಿಯೂ, ಬೆವರು ಮೂಡಿದ್ದನ್ನು ಕಂಡೆ. ಮೂರನೆಯ ನಿಮಿಷಕ್ಕೆ ಫೋನು ಟಿಣ್ ಎಂದಿತು, ಅದೇ ಕ್ಷಣಕ್ಕೆ ಹೊಲದ ಕಡೆಯಿಂದ, "ಪಾಣೀ ಆಲಂ! ಬಂತೋ, ಬಂತೋ!" ಎಂದು ಮರಾಠಿ, ಕನ್ನಡ ಎರಡೂ ಭಾಷೆಯಲ್ಲಿ ಒಂದೇ ಉಸಿರಿನ ಕೂಗು ಕೇಳಿತು. ಓಡಿ ಹೋಗಿ ನೋಡಿದರೆ, ಅಕ್ಕವ್ವನವರು ಕಣಕಾಲು ಮುಳುಗುವ ನೀರಿನಲ್ಲಿ ನಿಂತು ಬದುವಿನ ಹೆಂಗಸರಿಗೆ ಮರಾಠಿಯಲ್ಲಿ ಏನನ್ನೋ ಭಾಷಣ ಮಾಡುತ್ತಿದ್ದರು. ಸಂಜೆಯ ಹೊತ್ತಿಗೆ ಇನ್ನು ಮೂರು ಹೊಲದವರು ಗುರುಪುತ್ರಪ್ಪನವರ ನಂಬರು ಬರೆದುಕೊಂಡಿದ್ದರು. ಮರುದಿನ ಹೊರಡುವಾಗ ಅಕ್ಕವ್ವನವರು ಹೊಳೆಯ ದಾರಿಯಲ್ಲೇ ಎದುರಾದರು. ಇನ್ನೇಕೆ ನಡೆದಿರಿ ಎಂದು ನಾನು ಕೇಳಿದೆ. "ಮೋಟರಿಗೆ ನಾ ಬ್ಯಾಡ ಆಗೀನ್ರಿ. ನನಗ ಹೊಳಿ ಬೇಕಲ್ಲ" ಎಂದು ಅವರು ನಕ್ಕು ಮುಂದೆ ನಡೆದರು.

ಇಂಥವರನ್ನು ನಾನು ಬೇರೆಡೆಯೂ ಅಲ್ಲಲ್ಲಿ ಕಂಡಿದ್ದೇನೆ: ನಾಡಿ ಹಿಡಿದು ಜ್ವರ ಹೇಳುತ್ತಿದ್ದ ಹಳೆಯ ವೈದ್ಯರಲ್ಲಿ, ಹಾಳೆಯ ವಾಸನೆಯಿಂದ ಮಸಿಯ ಹದ ತಿಳಿಯುತ್ತಿದ್ದ ಮುದ್ರಣಾಲಯದವರಲ್ಲಿ. ಬಹಳ ಕಾಲ ಒಂದೇ ಕೆಲಸ ಮಾಡಿದವರಿಗೆ ಎರಡು ಬಗೆಯ ಪ್ರೀತಿ ಹುಟ್ಟುತ್ತದೆ. ಒಂದು ಕೆಲಸದ ಮೇಲೆ, ಇನ್ನೊಂದು ಅದರಲ್ಲಿ ತಾವು ಪಡೆದ ನೈಪುಣ್ಯದ ಮೇಲೆ. ಎಷ್ಟೋ ವರ್ಷ ಇವೆರಡೂ ಒಂದೇ ಮನೆಯಲ್ಲಿ ಒಂದೇ ತಾಟಿನಲ್ಲಿ ಉಂಡು ಬೆಳೆಯುವುದರಿಂದ ಬೇರೆ ಬೇರೆಯೆಂದು ಯಾರಿಗೂ ಗೊತ್ತಾಗುವುದಿಲ್ಲ, ಸ್ವತಃ ಅವರಿಗೂ. ಹೊಸದೊಂದು ಸಾಧನ ಬಂದು ನಡುವೆ ನಿಂತ ದಿನವಷ್ಟೇ ಯಾವುದು ಹಿರಿಯದೆಂಬುದು ಹೊರಬೀಳುತ್ತದೆ. ನೈಪುಣ್ಯವನ್ನೇ ಹೆಚ್ಚು ಪ್ರೀತಿಸಿದವರು ಅಂದು ಬಾಗಿಲು ಹಾಕಿಕೊಂಡು ಕಾಲವನ್ನು ಬೈಯುತ್ತಾರೆ. ಅವರ ದುಃಖವೂ ಸುಳ್ಳಲ್ಲ. ಕೆಲಸವನ್ನೇ ಹೆಚ್ಚು ಪ್ರೀತಿಸಿದವರು ಒಂದೆರಡು ದಿನ ಅಂಗಳದಲ್ಲಿ ಕುಳಿತು, ನಂತರ ಎದ್ದು, ತಮಗಿಂತ ಮೂವತ್ತು ವರ್ಷ ಚಿಕ್ಕವರ ಪಕ್ಕದಲ್ಲಿ ಮೊದಲ ಅಕ್ಷರದಿಂದ ಕಲಿಯಲು ಕೂರುತ್ತಾರೆ. ಊರಿನ ನೀರು, ಬೆಳಕು, ಬೆಂಕಿ ಸುರಕ್ಷಿತವಾಗಿ ನಡೆಯುತ್ತಿರುವುದು ಈ ಎರಡನೆಯವರಿಂದ. ಅವರ ಹೆಸರು ಎಲ್ಲಿಯೂ ಕೆತ್ತಿರುವುದಿಲ್ಲ. ಅವರಿಗೆ ಅದರ ಪರಿವೆಯೂ ಇರುವುದಿಲ್ಲ. ಯಂತ್ರ ಆರೋಗ್ಯವಾಗಿದೆಯೇ, ಅದರ ಬಳಿ ನಿಂತ ಮನುಷ್ಯ ಸಂಜೆ ಮನೆಗೆ ಹೋದನೇ ಎಂದಷ್ಟೇ ಕೇಳಿಕೊಂಡು, ಹೌದೆಂದರೆ ಸಂತೋಷದಿಂದ ಊಟಕ್ಕೆ ಕೂರುತ್ತಾರೆ.